ಇನ್ನೂರ ಹದಿನಾಲ್ಕರ ಅಪ್ಪ

ಮಾರ್ಚ್ 9, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಪುಟ್ಟಿ,

ನೀನು, ಅಳಿಯ, ಮೊಮ್ಮಗಳು ಗಿಣಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯಲು ಕೂತಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಹಾಗೆಂದು ಬರೆದ ಕೂಡಲೇ ಪೆನ್ನು ಸ್ವಲ್ಪ ತಡೆಯಿತು, ಏಕೆಂದರೆ ನಾನು ಅಂದುಕೊಂಡಷ್ಟು ಚೆನ್ನಾಗಿಲ್ಲ ಎಂಬುದೇ ಈ ಕಾಗದದ ಅರ್ಧ ಸುದ್ದಿ. ಗಾಬರಿಯಾಗಬೇಡ. ಜೀವಕ್ಕೇನೂ ಆಗಿಲ್ಲ, ಜಂಬಕ್ಕೆ ಪೆಟ್ಟು ಬಿದ್ದಿದೆ.

ನಿನ್ನ ಕಾಗದ ಬಂದು ಆರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು. ಒಂದು ನಿಮಿಷ ತಡವಾಗಿ ಬಂದ ಮಕ್ಕಳನ್ನು ಮೂವತ್ತಾರು ವರ್ಷ ಗೇಟಿನ ಹೊರಗೆ ನಿಲ್ಲಿಸಿದ ಓಟದ ಮೇಷ್ಟ್ರು ನಾನು. ನಿನಗೆ ಬೇಕೆನಿಸಿದರೆ ನನ್ನನ್ನೂ ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸು. ನಿನ್ನದನ್ನು ಕಾಗದ ಎನ್ನುವುದೂ ಕಷ್ಟ. ಒಂಬತ್ತು ಸಾಲು, ಎಣಿಸಿದ್ದೇನೆ. ದಪ್ಪ ಇರುವವರ ರಕ್ತದಲ್ಲಿ ವಿಟಮಿನ್ ಡಿ ಯಾಕೆ ಕಡಿಮೆ ಇರುತ್ತದೆ, ಅದರಲ್ಲಿ ಹುಟ್ಟಿನಿಂದ ಬಂದ ಜೀನ್‌ಗಳ ಪಾಲೆಷ್ಟು ಎಂದು ಒಂದು ಅಧ್ಯಯನ ನಡೆಯುತ್ತಿದೆ, ನೀನು ಸೇರಿದ್ದೀಯೆ, ನಿನಗೆ ಎಂಟು ಬಂದಿದೆ, ಇಪ್ಪತ್ತರ ಮೇಲಿರಬೇಕಂತೆ. ತಂದೆ ತಾಯಿಯ ರಕ್ತವೂ ಬೇಕು, ಅಮ್ಮ ಇಲ್ಲ, ನೀವು ಕೊಡಿ. ಗಿಣಿ ಎರಡು ತಿಂಗಳಿಂದ ಕಾಲು ನೋವು ಎನ್ನುತ್ತಿದ್ದಾಳೆ. ಬೆಳೆಯುವ ವಯಸ್ಸಿನ ನೋವೆಂದು ಬಿಡುವುದೋ, ಪರೀಕ್ಷೆ ಮಾಡಿಸುವುದೋ ತಿಳಿಯದೆ ಕೂತಿದ್ದೀಯೆ. ಅದಕ್ಕೇ ನಿನಗೆ ನೋವು ಶುರುವಾದದ್ದು ಎಷ್ಟನೆಯ ವಯಸ್ಸಿನಲ್ಲಿ, ಆಗ ಯಾವ ಡಾಕ್ಟರಾದರೂ ನೋಡಿದ್ದರೆ, ಏನೆಂದರು, ಇಷ್ಟು ಬರೆಯಬೇಕು. ಕೊನೆಯ ಸಾಲು, 'ಬೇರೆ ಏನೂ ಬರೆಯಬೇಕಾಗಿಲ್ಲ.'

ಅಮ್ಮ ಇರುವವರೆಗೂ ನನ್ನನ್ನು ನೀನು ಎನ್ನುತ್ತಿದ್ದವಳು ಈಗ ನೀವು ಎಂದು ಬರೆಯುತ್ತೀಯೆ. ಆಸ್ಪತ್ರೆಯ ಫಾರಂ ಕೂಡ ನನ್ನನ್ನು ನೀವು ಎನ್ನುತ್ತದೆ. ಇರಲಿ.

ಸುಳ್ಳು ಹೇಳುವುದಿಲ್ಲ, ಮೊದಲ ಸಲ ಓದಿದಾಗ ನನಗೆ ಬಂದದ್ದು ಸಿಟ್ಟು. ದಪ್ಪಗಾಗಲು ಜೀನು, ಸುಸ್ತಾಗಲು ವಿಟಮಿನ್ನು, ಇನ್ನು ಬೆಳಿಗ್ಗೆ ಏಳದಿರಲು ಏನು ಕಂಡುಹಿಡಿದಿದ್ದಾರೋ ಎಂದು ಒಬ್ಬನೇ ಗೊಣಗಿದೆ. ನಿನ್ನ ಕಾಗದವನ್ನು ಮಡಿಚಿ ಸ್ಟಾಪ್‌ವಾಚಿನ ಡಬ್ಬಿಯ ಕೆಳಗಿಟ್ಟೆ. ಹತ್ತು ದಿನ ಅದು ಅಲ್ಲೇ ಇತ್ತು. ಕೆಳಗಿನ ಮನೆಯ ಟೈಪಿಸ್ಟಮ್ಮ, ನ್ಯಾಯಾಲಯದಲ್ಲಿ ಮೂವತ್ತು ವರ್ಷ ಟೈಪು ಮಾಡಿ ನಿವೃತ್ತರಾದವರು, ನಿನಗೆ ಗೊತ್ತಲ್ಲ, ಬಟ್ಟೆ ಒಣಹಾಕಲು ಮಹಡಿಗೆ ಬಂದಾಗ ಅವರಿಗೆ ಹೇಳಿದೆ. ಅವರು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡರು.

"ಮೇಷ್ಟ್ರೆ, ಮಗಳು ಕೇಳಿರೋದು ಒಂದು ಚಮಚ ರಕ್ತ. ಕಿಡ್ನಿ ಕೇಳಿದ್ರೆ ಏನು ಮಾಡ್ತಿದ್ರಿ?"

"ಕಿಡ್ನಿ ಆಗಿದ್ರೆ ಅವತ್ತೇ ಕೊಟ್ಟುಬಿಡ್ತಿದ್ದೆ."

"ಹಾಗಾದ್ರೆ ರಕ್ತಕ್ಯಾಕೆ ಇಷ್ಟು ಮೀನಮೇಷ?"

ಉತ್ತರ ಈಗ ಹೊಳೆದಿದೆ. ಕಿಡ್ನಿ ಕೊಟ್ಟಿದ್ದರೆ ದೊಡ್ಡ ಮನುಷ್ಯ ಎನಿಸಿಕೊಳ್ಳುತ್ತಿದ್ದೆ. ರಕ್ತ ಕೊಟ್ಟರೆ ನೀನು ಸೋಮಾರಿ ಎಂಬ ನನ್ನ ಹಳೆಯ ಮಾತು ಸುಳ್ಳೆಂದು ತೋರಿಬಿಡಬಹುದು ಎಂಬ ಅಳುಕು ಆಗಲೇ ಒಳಗೆ ಹೊಕ್ಕಿತ್ತು.

ಮರುದಿನವೇ ಹೋದೆ. ಅಧ್ಯಯನ ನಡೆಸುವ ಇಲ್ಲಿನ ಆಸ್ಪತ್ರೆಯ ಹಿಂಬದಿಯ ಕಟ್ಟಡ, ಮೂರನೆಯ ಮಹಡಿ. ಲಿಫ್ಟು ಬೇಡವೆಂದು ಮೆಟ್ಟಿಲು ಹತ್ತಿದೆ, ಹಳೆಯ ಚಾಳಿ. ಅಲ್ಲಿನ ಕುರ್ಚಿಗಳನ್ನು ನೋಡಿ ಮೊದಲು ನನಗೆ ಅರ್ಥವಾಗಲಿಲ್ಲ. ಅಗಲ ಕುರ್ಚಿಗಳು, ಒಂದಕ್ಕೂ ಕೈಯಿಲ್ಲ. ಯಾರೋ ಮುರಿದಿರಬೇಕು ಅಂದುಕೊಂಡೆ. ಜನ ಬಂದು ಆರಾಮಾಗಿ ಕೂತಾಗ ತಿಳಿಯಿತು. ನಮ್ಮ ಶಾಲೆಯ ಸಭಾಂಗಣದಲ್ಲಿ ಕಬ್ಬಿಣದ ಕೈಗಳಿದ್ದ ಕುರ್ಚಿಗಳಿದ್ದವು. ಪ್ರತಿ ಕಾರ್ಯಕ್ರಮದಲ್ಲೂ ನೀನು ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಿದ್ದೆ. "ಖಾಲಿ ಕುರ್ಚಿ ಇಟ್ಟುಕೊಂಡು ಯಾಕೆ ನಿಂತಿದೀಯ?" ಎಂದು ನಾನು ಅಷ್ಟು ಜನರ ನಡುವೆ ಕೂಗಿ ಕೇಳಿದ್ದು ಅಲ್ಲಿ ಕೂತಾಗ ನೆನಪಾಯಿತು.

ಆ ಕೋಣೆಯಲ್ಲಿ ತೆಳ್ಳಗಿದ್ದವನು ನಾನೊಬ್ಬನೇ. ಪಕ್ಕದಲ್ಲಿ ಒಬ್ಬ ಲಾರಿ ಚಾಲಕ ಕೂತಿದ್ದ, ನಲವತ್ತರ ಆಸುಪಾಸು, ಭಾರೀ ಆಳು, ನಗುಮುಖ. "ಯಾರ ಜೊತೆ ಬಂದಿದೀರಿ ಯಜಮಾನ್ರೆ?" ಎಂದು ಕೇಳಿದ. ಯಾರ ಜೊತೆಯೂ ಅಲ್ಲ, ನನ್ನ ರಕ್ತವೇ ಬೇಕಂತೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಲ್ಲಿ ಸಿಗುತ್ತಾ?" ಎಂದ. ನನಗೂ ನಗು ಬಂತು. ಆಮೇಲೆ ತಾನಾಗಿಯೇ ಹೇಳಿದ: "ಬಸ್ಸಲ್ಲಿ ಪಕ್ಕಕ್ಕೆ ಕೂತೋರೂ ನನಗೆ ಬುದ್ಧಿ ಹೇಳ್ತಾರೆ. ಸ್ವಲ್ಪ ಕಮ್ಮಿ ತಿನ್ನಿ, ಬೆಳಿಗ್ಗೆ ಬಿಸಿಲಲ್ಲಿ ನಡೀರಿ ಅಂತ. ನಾನು ಬೆಳಿಗ್ಗೆಯಿಂದ ಸಂಜೆ ತನಕ ಬಿಸಿಲಲ್ಲೇ ಸರಕು ಇಳಿಸೋನು. ಆದ್ರೂ ನನ್ನ ಡಿ ಒಂಬತ್ತು." ಪುಟ್ಟಿ, ಅವನು ಬಾಯಿ ತೆರೆಯುವ ಮೊದಲು ನಾನು ಅವನಿಗೆ ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದ ಮಾತೂ ಅದೇ.

ರಕ್ತ ತೆಗೆಯುವ ನರ್ಸಮ್ಮ ಕೈ ತಿರುಗಿಸಿ ನೋಡಿ, "ನಿಮ್ಮ ನರ ಹುಡುಕೋ ಕೆಲಸಾನೇ ಇಲ್ಲ, ಎಲ್ಲ ಹೊರಗೇ ಎದ್ದು ನಿಂತಿವೆ" ಎಂದರು. ಎರಡು ಕೊಳವೆ ತುಂಬಿದರು. ಒಂದು ಜೀನ್ ನೋಡಲು, ಇನ್ನೊಂದು ವಿಟಮಿನ್ನಿಗೆ. ಎರಡನೆಯದನ್ನು ಹೊಳೆಯುವ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದರು. ಯಾಕೆಂದು ಕೇಳಿದೆ. "ಬೆಳಕು ಬೀಳಬಾರದು ಅಂತ ನಮ್ಮಲ್ಲಿ ನಿಯಮ." "ಬಿಸಿಲಿಂದ ಹುಟ್ಟೋ ವಿಟಮಿನ್ನಿಗೆ ಬೆಳಕು ಆಗಲ್ವಾ?" ಎಂದೆ. "ಅದನ್ನ ಕಂಡುಹಿಡಿದೋರನ್ನ ಕೇಳಿ, ನಾನು ಸುತ್ತೋಳು ಮಾತ್ರ" ಎಂದು ಹತ್ತಿ ಒತ್ತಿ ಹಿಡಿಯಲು ಹೇಳಿದರು.

ಕೊಳವೆಯ ಮೇಲೆ ಹೆಸರಿಲ್ಲ, ಸಂಖ್ಯೆ. ನೀನು ಇನ್ನೂರ ಹದಿನಾಲ್ಕು. ನಾನು ಇನ್ನೂರ ಹದಿನಾಲ್ಕು ಬಾರ್ ಒಂದು. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿಯೇ ಅಭ್ಯಾಸವಾದವನನ್ನು ನಿನ್ನ ಹಿಂದೆ ನಿಲ್ಲಿಸಿದ್ದರು. ಒಂದು ವಿಷಯ ಹೇಳಲೇ, ನನಗೆ ಅದು ಇಷ್ಟವಾಯಿತು. ಆ ಚೀಟಿಯನ್ನು ಅಂಟಿಸುವಾಗ ಇನ್ನೊಮ್ಮೆ ತೋರಿಸಿ ಎಂದು ಕೇಳಿ ನೋಡಿದೆ.

ಸಂಶೋಧನೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಾಳ್ಮೆಯಿಂದ ವಿವರಿಸಿದರು. ಈ ವಿಟಮಿನ್ನು ಕೊಬ್ಬಿನಲ್ಲಿ ಕರಗುವಂಥದ್ದು. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಅಲ್ಲಿ ಹೋಗಿ ಕೂತುಬಿಡುತ್ತದೆ, ರಕ್ತಕ್ಕೆ ಬರುವುದು ಕಡಿಮೆ. ಅದರ ಮೇಲೆ ಇನ್ನೊಂದು. ಬಂದದ್ದನ್ನು ಯಕೃತ್ತು ಬದಲಿಸಿ ಸಿದ್ಧಪಡಿಸಬೇಕು, ರಕ್ತದಲ್ಲಿ ಒಂದು ಪ್ರೋಟೀನು ಅದನ್ನು ಹೊತ್ತು ಸಾಗಿಸಬೇಕು. ಈ ಎರಡು ಕೆಲಸಕ್ಕೂ ಜೀನಿನಲ್ಲಿ ಬರೆದ ಸೂಚನೆ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಚಿಕ್ಕ ವ್ಯತ್ಯಾಸ. ಅದರಿಂದಾಗಿ ಕೆಲವರಿಗೆ ಅಷ್ಟೇ ಬಿಸಿಲು, ಅಷ್ಟೇ ಊಟ, ಅಷ್ಟೇ ತೂಕ ಇದ್ದರೂ ರಕ್ತದಲ್ಲಿ ಕಡಿಮೆ.

"ಅಂದ್ರೆ ಚೆಂಡುಗಳು ಸಾಮಾನಿನ ಕೋಣೆಯಲ್ಲಿವೆ, ಮೈದಾನಕ್ಕೆ ಬರ್ತಾ ಇಲ್ಲ. ಕೆಲವು ಶಾಲೆಗಳಲ್ಲಿ ಬೀಗದ ಕೈ ಇಟ್ಟುಕೊಂಡೋನೂ ಸೋಮಾರಿ" ಎಂದೆ.

"ಸೋಮಾರಿ ಅನ್ನೋದು ಬೇಡ ಮೇಷ್ಟ್ರೆ. ನಿಧಾನಿ ಅನ್ನಿ" ಎಂದು ನಕ್ಕರು.

ಆ ಪದ ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡು.

ಹಾಗಾದರೆ ನನ್ನ ಮಗಳು ದಪ್ಪಗಾದದ್ದು ಈ ವಿಟಮಿನ್ ಇಲ್ಲದ್ದಕ್ಕೋ ಎಂದು ಆಸೆಯಿಂದಲೇ ಕೇಳಿದೆ. ಅವರು ತಲೆಯಾಡಿಸಿದರು. "ಹಾಗಲ್ಲ. ತೂಕ ಹೆಚ್ಚಾದ್ರೆ ವಿಟಮಿನ್ ಇಳಿಯುತ್ತೆ ಅನ್ನೋದಕ್ಕೆ ಆಧಾರ ಇದೆ. ವಿಟಮಿನ್ ಇಳಿದ್ರೆ ತೂಕ ಏರುತ್ತೆ ಅನ್ನೋದಕ್ಕೆ ಅಷ್ಟು ಇಲ್ಲ. ಮಾತ್ರೆ ತಗೊಂಡು ತೆಳ್ಳಗಾಗ್ತೀನಿ ಅಂದುಕೊಂಡ್ರೆ ನಿರಾಶೆ. ಆದ್ರೆ ಮೂಳೆ ನೋವು, ಸುಸ್ತು, ಅವು ನಿಜ." ನನಗೆ ಬೇಕಾದ ಹಾಗೆ ಹೇಳದ ಡಾಕ್ಟರ ಮೇಲೆ ನನಗೆ ನಂಬಿಕೆ ಹುಟ್ಟಿತು. ನೀನು ಕೇಳಿದ್ದನ್ನೇ ಅವರೂ ಕೇಳಿದರು, ಮಗಳಿಗೆ ನೋವು ಯಾವಾಗ ಶುರುವಾಯಿತು ಎಂದು. ಯೋಚಿಸಿ ಹೇಳುತ್ತೇನೆ ಎಂದೆ. ನಿನಗೂ ಅದನ್ನೇ ಹೇಳುತ್ತೇನೆ, ಯೋಚಿಸಿ ಬರೆಯುತ್ತೇನೆ. ಎಷ್ಟೋ ವರ್ಷದ ಮಾತು.

ಮೊನ್ನೆ ಗುರುವಾರ ಮತ್ತೆ ಕರೆದರು. ಜೀನಿನ ಫಲಿತಾಂಶಕ್ಕೆ ಇನ್ನೂ ಎಂಟು ತಿಂಗಳು, ಅದೂ ನೂರಾರು ಜನರದ್ದು ಸೇರಿಸಿ ನೋಡಿದ ಮೇಲೆ. ವಿಟಮಿನ್ನಿನ ಸಂಖ್ಯೆ ಮಾತ್ರ ಬಂದಿತ್ತು. ನಾನು ಮೊದಲ ಬಹುಮಾನ ತೆಗೆದುಕೊಳ್ಳಲು ಬಂದವನ ಹಾಗೆ ಎದೆಯುಬ್ಬಿಸಿ ಕೂತಿದ್ದೆ. ಡಾಕ್ಟರು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು.

ಹನ್ನೆರಡು.

ಯಂತ್ರ ಕೆಟ್ಟಿದೆ ಎಂದೆ. ಎರಡು ಸಲ ಮಾಡಿದ್ದೇವೆ ಎಂದರು. ಮೂವತ್ತಾರು ವರ್ಷ ಬಟಾಬಯಲಿನಲ್ಲಿ ನಿಂತಿದ್ದೇನೆ, ಈಗಲೂ ದಿನಾ ಒಂದು ಗಂಟೆ ಬಿಸಿಲಲ್ಲಿ ನಡೆಯುತ್ತೇನೆ, ಮೈಮೇಲೆ ಹಿಡಿ ಕೊಬ್ಬಿಲ್ಲ ಎಂದು ವಾದಿಸಿದೆ. "ಅದಕ್ಕೇ ನಮಗೂ ಕುತೂಹಲ" ಎಂದರು. ವಯಸ್ಸಾದವರ ಚರ್ಮ ಇದನ್ನು ಕಡಿಮೆ ತಯಾರಿಸುತ್ತದೆ, ಆದ್ದರಿಂದ ಜೀನೇ ಕಾರಣ ಎಂದು ಈಗಲೇ ಹೇಳಲಾಗದು, ಆದರೆ ಅಪ್ಪನಿಗೂ ಮಗಳಿಗೂ ಕಡಿಮೆ ಇರುವುದನ್ನು ಗುರುತು ಹಾಕಿಕೊಂಡಿದ್ದೇವೆ ಎಂದರು. ಆಮೇಲೆ ಮೆಲ್ಲಗೆ, "ನಿಮಗೆ ಕಾಲು ನೋವು ಇಲ್ವಾ?" ಎಂದು ಕೇಳಿದರು.

ಇದೆ ಪುಟ್ಟಿ. ಹತ್ತು ವರ್ಷದಿಂದ ಇದೆ. ಪ್ಯಾಂಟಿನೊಳಗೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಶಾಲೆಯ ಕೊನೆಯ ವರ್ಷಗಳನ್ನು ದೂಡಿದೆ. ನಿನ್ನ ಅಮ್ಮನಿಗೂ ಆ ಪಟ್ಟಿ ಒಗೆಯಲು ಕೊಡುತ್ತಿರಲಿಲ್ಲ. ನನಗೆ ನೋವಾದರೆ ಅದು ನೋವು, ಮುಚ್ಚಿಟ್ಟುಕೊಳ್ಳಬೇಕಾದ ಗೌರವದ ವಿಷಯ. ನಿನಗೆ ನೋವಾದರೆ ಅದು ನೆಪ. ಈ ಲೆಕ್ಕ ನನಗೆ ಯಾರು ಕಲಿಸಿದರೋ ಗೊತ್ತಿಲ್ಲ.

ಡಾಕ್ಟರು ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಹೋಗಿ ನೆರಳಲ್ಲಿ ನಿಂತೆ.

ಅಂದಿನಿಂದ ಮೂರು ದಿನ ಒಂದೇ ಯೋಚನೆ. ತೆಳ್ಳಗಿದ್ದು, ದಿನವಿಡೀ ಬಿಸಿಲು ಕುಡಿದ ನನಗೇ ಹನ್ನೆರಡು. ಹಾಗಾದರೆ ಬೆಳಿಗ್ಗೆ ಆರು ಗಂಟೆಗೆ ನಿನ್ನ ಹೊದಿಕೆ ಎಳೆದು ಮೈದಾನಕ್ಕೆ ಕರೆದೊಯ್ಯುತ್ತಿದ್ದೆನಲ್ಲ, ಅಲ್ಲಿ ನಿನ್ನಿಂದ ನಾನು ಕೇಳಿದ್ದಾದರೂ ಏನು? ನೀನು ಓಡುವಾಗ ಎಡಗೈಯಿಂದ ತೊಡೆ ಹಿಡಿದುಕೊಳ್ಳುತ್ತಿದ್ದೆ. ನಾನು ಸೀಟಿ ಊದಿ "ಕೈ ಬಿಡು" ಎನ್ನುತ್ತಿದ್ದೆ. ನೀನು ಬಿಡುತ್ತಿದ್ದೆ. ಶಾಲೆಗೆ ಹೋಗುವ ಮುಂಚೆ ಅಮ್ಮ ನಿನ್ನ ಸಮವಸ್ತ್ರದ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದಳು, ನಾನು ನೋಡಬಾರದೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು. ಅದೂ ನನಗೆ ಗೊತ್ತಿತ್ತು.

ಹಾಗೆ ಓಡಿಸಿದ ಒಂದು ಬೆಳಿಗ್ಗೆ ಮೂರನೆಯ ಸುತ್ತಿನಲ್ಲಿ ನೀನು ಬಿದ್ದೆ. ಎಡಗಾಲಿನ ಮೂಳೆ ಮುರಿಯಿತು. ಪ್ಲಾಸ್ಟರು ಹಾಕುವ ಕೋಣೆಯಲ್ಲಿ ನಿನ್ನ ಪಕ್ಕ ನಿಂತು, "ಓಡದ ಕಾಲು ಹೀಗೇ ಮುರಿಯೋದು" ಎಂದೆ. ಅಲ್ಲಿದ್ದ ನರ್ಸು ಮುಖ ತಿರುಗಿಸಿದರು. ನೀನು ಅದಾದ ಮೇಲೆ ನನಗೆ ಒಂದು ದಿನವೂ ನೋವು ಎಂದು ಹೇಳಲಿಲ್ಲ, ಹೆರಿಗೆಯ ದಿನ ಫೋನ್ ಮಾಡಿದಾಗಲೂ ಹೇಳಲಿಲ್ಲ. ಆ ಮೂಳೆ ಮುರಿದದ್ದು ವಿಟಮಿನ್ ಇಲ್ಲದ್ದಕ್ಕೇ ಎಂದು ಈಗ ಯಾರೂ ಸಾಧಿಸಲಾರರು, ಡಾಕ್ಟರನ್ನು ಕೇಳಿದ್ದೇನೆ. ಕಾರಣ ಏನೇ ಇರಲಿ, ನಾನು ಆಡಿದ ಮಾತು ಕೆಟ್ಟದ್ದು. ಅದಕ್ಕೆ ಕ್ಷಮೆ ಕೇಳುತ್ತೇನೆ. ಇಪ್ಪತ್ತೇಳು ವರ್ಷ ಹೇಳದೆ ಉಳಿದಿತ್ತು, ಬರೆಯುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ.

ಇಲ್ಲಿಯ ಬೇರೆ ಸುದ್ದಿ ಬೇಡವೆಂದಿದ್ದೀಯೆ, ಆದರೂ ಎರಡು ಮಾತು. ನಮ್ಮ ಕಟ್ಟಡದ ವಯಸ್ಸಾದವರಿಗೆ ಕೆಳಗಿನ ಹಜಾರದಲ್ಲಿ ಕುರ್ಚಿಯ ಮೇಲೆ ಕೂತೇ ಮಾಡುವ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಆರು ಜನ ಬರುತ್ತಾರೆ. ಟೈಪಿಸ್ಟಮ್ಮ ಅದರಲ್ಲಿ ಅತ್ಯಂತ ಕೆಟ್ಟ ವಿದ್ಯಾರ್ಥಿ. ಕೈ ಎತ್ತಿ ಎಂದರೆ ಪ್ರಶ್ನೆ ಕೇಳುತ್ತಾರೆ. ಶುಕ್ರವಾರ ಒಬ್ಬರು ಭುಜ ನೋಯುತ್ತದೆ ಎಂದರು. ನಾನು, "ಎಲ್ಲಿ ನೋಯುತ್ತೆ, ಎಷ್ಟು ದಿನದಿಂದ?" ಎಂದು ಕೇಳಿದೆ. ಟೈಪಿಸ್ಟಮ್ಮ ನನ್ನನ್ನೇ ದಿಟ್ಟಿಸಿ, "ಮೇಷ್ಟ್ರಿಗೆ ಇವತ್ತು ಜ್ವರ ಇರಬೇಕು" ಎಂದರು. ಸೀಟಿಯನ್ನು ಕೊರಳಿಂದ ತೆಗೆದು ಗೂಟಕ್ಕೆ ನೇತುಹಾಕಿದ್ದೇನೆ.

ನಿನ್ನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವಾಗ ದಿನವಿಡೀ ನಿಂತಿರುತ್ತೀಯಲ್ಲ, ಒಂದು ಎತ್ತರದ ಕುರ್ಚಿ ಹಾಕಿಸಿಕೋ. ಕೈಯಿಲ್ಲದ್ದು. ಮಾತ್ರೆ ತಪ್ಪಿಸಬೇಡ. ಇದು ಬುದ್ಧಿಮಾತಲ್ಲ, ಇನ್ನೂರ ಹದಿನಾಲ್ಕಕ್ಕೆ ಇನ್ನೂರ ಹದಿನಾಲ್ಕು ಬಾರ್ ಒಂದರ ವಿನಂತಿ.

ಗಿಣಿಯ ಕಾಲುಗಳನ್ನು ನನ್ನ ಪರವಾಗಿ ಸ್ವಲ್ಪ ಹೊತ್ತು ಒತ್ತು. ಅಳಿಯನಿಗೆ ನನ್ನ ನೆನಪು ಹೇಳು. ನೀನು ಕೂತಲ್ಲಿ ನಿಂತಲ್ಲಿ ನೋವಿಲ್ಲದೆ ಇರು, ನಿನ್ನ ಮನೆ ತಂಪಾಗಿರಲಿ, ನನ್ನ ಆಯಸ್ಸಿನಲ್ಲಿ ಉಳಿದಿರುವ ಒಳ್ಳೆಯ ದಿನಗಳಿದ್ದರೆ ಅವೂ ನಿನ್ನವಾಗಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಸಹಿ ಹಾಕಿ, ಮಡಿಚಿ, ಲಕೋಟೆಗೂ ಹಾಕಿದ್ದೆ. ಅಂಟಿಸಲು ಕೈ ಬರಲಿಲ್ಲ. ನೀನು ಕೇಳಿದ್ದು ಒಂದೇ ಸಂಗತಿ, ಅದನ್ನು ಬಿಟ್ಟು ಮಿಕ್ಕೆಲ್ಲ ಬರೆದಿದ್ದೇನೆ. ಮರೆತದ್ದಲ್ಲ.

ನಿನಗೆ ನೋವು ಶುರುವಾದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಡಾಕ್ಟರು ನೋಡಿದ್ದರು. ನೀನು ಬೀಳುವುದಕ್ಕೆ ಮೂರು ವಾರ ಮುಂಚೆ, ಶಾಲೆಯ ವಾರ್ಷಿಕ ತಪಾಸಣೆಯಲ್ಲಿ. ನೀನು ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ, ನಾನು ಪಕ್ಕದಲ್ಲಿ ಎತ್ತರ ತೂಕ ಬರೆದುಕೊಳ್ಳುತ್ತಿದ್ದೆ. ಅವರು ಮೊಣಕಾಲಿನ ಕೆಳಗೆ ಹೆಬ್ಬೆರಳಿಂದ ಒತ್ತಿದಾಗ ನೀನು ಸದ್ದು ಮಾಡದೆ ನನ್ನ ಮುಖ ನೋಡಿದೆ. ನೀನು ಹೊರಗೆ ಹೋದ ಮೇಲೆ ಅವರು ಕಾರ್ಡಿನಲ್ಲಿ ಬರೆದರು: ಮೂಳೆ ಒತ್ತಿದರೆ ನೋವಿದೆ. ರಕ್ತ ಪರೀಕ್ಷೆ, ಎಕ್ಸ್‌ರೇ ಆಗಬೇಕು. ಅಲ್ಲಿಯವರೆಗೆ ಓಟ ಬೇಡ.

ಇಂಥ ಕಾರ್ಡುಗಳನ್ನು ಪೋಷಕರಿಗೆ ತಲುಪಿಸಿ ಸಹಿ ಪಡೆಯುವುದು ನನ್ನ ಕೆಲಸ. ಆ ವರ್ಷ ಹದಿನೇಳು ಕಾರ್ಡುಗಳಿದ್ದವು. ಹದಿನಾರನ್ನು ತಲುಪಿಸಿದೆ. ಹದಿನೇಳನೆಯದಕ್ಕೆ ಕೊಟ್ಟವನ ಜಾಗದಲ್ಲೂ ನಾನೇ, ಪಡೆದವನ ಜಾಗದಲ್ಲೂ ನಾನೇ ರಿಜಿಸ್ಟರಿನಲ್ಲಿ ಸಹಿ ಹಾಕಿ, ಕಾರ್ಡನ್ನು ಹರಿದು ಬುಟ್ಟಿಗೆ ಹಾಕಿದೆ. ಓಟದ ಮೇಷ್ಟ್ರ ಮಗಳಿಗೆ ಓಟ ಬೇಡವೆಂದರೆ ಸಹೋದ್ಯೋಗಿಗಳೆಲ್ಲ ನಗುತ್ತಾರೆ ಎನಿಸಿತು. ಮರುದಿನ ಬೆಳಿಗ್ಗೆ ನಿನ್ನ ಹೊದಿಕೆ ಎಳೆದೆ.

ಅಮ್ಮನಿಗೆ ಹೇಳಲಿಲ್ಲ. 'ಮಗುವಿಗೆ ತಿನ್ನಿಸಿ ತಿನ್ನಿಸಿ ನಾನೇ ಕಾಲು ಮುರಿಸಿದೆ' ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗಲೂ ಅಂದಳು. ನಾನು ಅವಳ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಈ ಹಾಳೆಯನ್ನು ನಿಮ್ಮ ಡಾಕ್ಟರಿಗೆ ತೋರಿಸು. ಗಿಣಿಯನ್ನು ನಾಳೆಯೇ ಪರೀಕ್ಷೆಗೆ ಕರೆದುಕೊಂಡು ಹೋಗು. ಅವಳ ಶಾಲೆಗೆ ಚೀಟಿ ಕೊಡುವುದಾದರೆ ನೀನೇ ಹೋಗಿ ಕೈಗೆ ಕೊಡು, ಯಾರ ಮೂಲಕವೂ ಕಳಿಸಬೇಡ.

ನೀನು ನೆಪ ಹೇಳುತ್ತಿರಲಿಲ್ಲ ಪುಟ್ಟಿ. ನನಗೆ ಅಂದೇ ಗೊತ್ತಿತ್ತು.